ನಿಮ್ಮ ಬಿಲ್ಲಿಗೆ ಯಾವ ಬಾಣ? ಕಡ್ಡಿ ಎಷ್ಟು ಬಾಗಬೇಕು ಅಂತ ಅಳೆಯಿರಿ

ಬಾಣ ಪಕ್ಕಕ್ಕೆ ಹೋದರೆ ನಾವು ಮೊದಲು ಕೈಯನ್ನೇ ದೂರುತ್ತೇವೆ. ಎಷ್ಟೋ ಸಲ ತಪ್ಪು ಕಡ್ಡಿಯದ್ದೇ ಇರುತ್ತದೆ. ಹೆದೆ ಬಿಟ್ಟ ಕ್ಷಣ ಬಾಣ ಬಾಗುತ್ತದೆ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ದಾಟುತ್ತದೆ, ಆಮೇಲೆ ನೆಟ್ಟಗಾಗುತ್ತದೆ. ಬಲಗೈಯವರಿಗೆ ಕಡ್ಡಿ ತೀರಾ ಗಡಸಾದರೆ ಬಾಣ ಎಡಕ್ಕೆ, ಮೆತ್ತಗಾದರೆ ಬಲಕ್ಕೆ ಹೋಗುತ್ತದೆ. ಎಡಗೈಯವರಿಗೆ ಇದು ಉಲ್ಟಾ.

ಮೊದಲು ಬಿಲ್ಲಿನ ಎಳೆತ, ಅಂದರೆ ಹೆದೆ ಎಳೆಯಲು ಎಷ್ಟು ಬಲ ಬೇಕು ಅಂತ ನೋಡಿ. ಬಿಲ್ಲಿನ ಮೇಲೆ ಬರೆದ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನದು. ನೀವು ಅಷ್ಟು ಎಳೆಯುತ್ತೀರಾ? ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ, ನೀವು ನಿಜವಾಗಿ ಎಳೆಯುವಷ್ಟೇ ಎಳೆದು ನೋಡಿ. 18 ಕೆಜಿ ತೋರಿಸಿದರೆ 40 ಪೌಂಡ್.

ಇನ್ನು ಕಡ್ಡಿ. ಅದನ್ನು ಕತ್ತರಿಸುವ ಮುಂಚೆಯೇ ಅಳೆಯಬೇಕು. ಗೋಡೆಗೆ 66 ಸೆಂ.ಮೀ. ಅಂತರದಲ್ಲಿ, ಒಂದೇ ಮಟ್ಟದಲ್ಲಿ ಎರಡು ಮೊಳೆ ಹೊಡೆಯಿರಿ. ಹಿಂದೆ ಗ್ರಾಫ್ ಹಾಳೆ ಅಂಟಿಸಿ, ಕಡ್ಡಿಯನ್ನು ಮೊಳೆಗಳ ಮೇಲಿಟ್ಟು ನಡುವೆ ಎಲ್ಲಿದೆ ಅಂತ ಗೆರೆ ಎಳೆಯಿರಿ. ಆಮೇಲೆ ನಡುವಿಗೆ 907 ಗ್ರಾಂ ತೂಗಿಸಿ. ನೀರು ತುಂಬಿದ ಬಾಟಲಿಯನ್ನು ದಿನಸಿ ಅಂಗಡಿಯಲ್ಲಿ ತೂಗಿಸಿಕೊಂಡರೆ ಸಾಕು. ಎಷ್ಟು ಮಿ.ಮೀ. ಕೆಳಗೆ ಬಂತೋ ಅದರಿಂದ 660 ಅನ್ನು ಭಾಗಿಸಿ. ಬಂದದ್ದೇ ಕಡ್ಡಿಯ ಸ್ಪೈನ್, ಅಂದರೆ ಗಡಸುತನದ ಅಳತೆ, ಪೌಂಡ್‌ಗಳಲ್ಲಿ. 22 ಮಿ.ಮೀ. ಬಾಗಿದರೆ 30, 16.5 ಬಾಗಿದರೆ 40.

ಹಿಡಿಯಲ್ಲಿ ಬಾಣಕ್ಕೆ ಕಚ್ಚು ಇಲ್ಲದ ಸಾದಾ ಬಿಲ್ಲಾದರೆ ಎಳೆತಕ್ಕಿಂತ 5ರಿಂದ 10 ಪೌಂಡ್ ಕಮ್ಮಿ ಸ್ಪೈನ್‌ನಿಂದ ಶುರು ಮಾಡಿ. ಅಂದರೆ 40 ಪೌಂಡ್ ಬಿಲ್ಲಿಗೆ 19ರಿಂದ 22 ಮಿ.ಮೀ. ಬಾಗುವ ಕಡ್ಡಿ. ಬಾಣ 28 ಇಂಚಿಗಿಂತ ಉದ್ದವಾದರೆ ಇಂಚಿಗೆ ಸುಮಾರು 5 ಪೌಂಡ್ ಸೇರಿಸಿ. ಮೊನೆ 8 ಗ್ರಾಂಗಿಂತ ಭಾರವಿದ್ದರೂ ಕಡ್ಡಿ ಗಡಸಾಗಿರಬೇಕು.

ಬಿದಿರಿನಲ್ಲಿ ಒಂದು ವಿಶೇಷ ಇದೆ. ಗಿಣ್ಣುಗಳಿಂದಾಗಿ ಒಂದೊಂದು ಮಗ್ಗುಲಿಗೆ ಒಂದೊಂದು ಅಳತೆ ಬರುತ್ತದೆ. ತಿರುಗಿಸಿ ತಿರುಗಿಸಿ ಅಳೆಯಿರಿ. ಗಡಸು ಮಗ್ಗುಲಿಗೆ ಪೆನ್ಸಿಲ್ ಗುರುತು ಹಾಕಿ, ಆ ಮಗ್ಗುಲು ಬಿಲ್ಲಿಗೆ ತಾಗುವಂತೆ ಹೆದೆ ಕೂರುವ ಕಚ್ಚು ಕೊರೆಯಿರಿ. ದಾವಣಗೆರೆ, ಚಿತ್ರದುರ್ಗದ ಮೇದಾರರ ಹತ್ತಿರ ಬಲಿತ ಬಿದಿರು ಕೇಳಿ ತನ್ನಿ. ಹಸಿ ಬಿದಿರಿನ ಅಳತೆ ಒಣಗಿದ ಮೇಲೆ ಉಳಿಯುವುದಿಲ್ಲ.

ಕೊನೆಗೆ ಗರಿ ಕಟ್ಟದ ಒಂದು ಬಾಣವನ್ನು ಗರಿ ಕಟ್ಟಿದವುಗಳ ಜೊತೆ ಹತ್ತು ಮೀಟರ್‌ನಿಂದ ಬಿಡಿ. ದುರ್ಗದಲ್ಲಿ ಗಾಳಿ ಜೋರು, ಗಾಳಿಯಂತ್ರ ನಿಲ್ಲಿಸಿದ ಊರಲ್ವಾ! ಗಾಳಿ ಕಮ್ಮಿ ಇರುವ ಬೆಳಗಿನ ಹೊತ್ತೇ ವಾಸಿ. ಬಲಗೈಯವರ ಬರಿ ಬಾಣ ಪ್ರತಿ ಸಲ ಗರಿಯವುಗಳಿಗಿಂತ ಎಡಕ್ಕೆ ಬಿದ್ದರೆ ಮೊನೆ ಭಾರ ಮಾಡಿ, ಇಲ್ಲವೇ ಕಡ್ಡಿಯ ನಡುಭಾಗವನ್ನು ಸ್ವಲ್ಪ ಉಜ್ಜಿ. ಬಲಕ್ಕೆ ಬಿದ್ದರೆ ಮೊನೆಯ ಕಡೆಯಿಂದ 6 ಮಿ.ಮೀ. ಕತ್ತರಿಸಿ ಮತ್ತೆ ಬಿಟ್ಟು ನೋಡಿ. ಆದರೆ ನೀವು ಹೆದೆ ಎಳೆಯುವ ದೂರಕ್ಕಿಂತ ಒಂದಿಂಚಾದರೂ ಬಾಣ ಉದ್ದ ಇರಲೇಬೇಕು. ಬಿಡುವ ಮುಂಚೆ ಪ್ರತಿ ಬಾಣವನ್ನೂ ಕೈಯಲ್ಲಿ ಮೆಲ್ಲಗೆ ಬಗ್ಗಿಸಿ, ಕಿವಿಗೆ ಹತ್ತಿರ ಹಿಡಿಯಿರಿ. ಚಿಟ್ ಅಂದರೆ ಆ ಕಡ್ಡಿಯನ್ನು ಅಲ್ಲೇ ಮುರಿದು ಹಾಕಿ.