ಟ್ರ್ಯಾಕ್ಟರ್ ಆಯಿಲ್ ಕುಡಿಯುತ್ತಿದೆಯೇ? ಹೆಡ್ ಬಿಚ್ಚುವ ಮೊದಲು ಇಷ್ಟು ನೋಡಿ

ಮಳೆ ಹಿಡಿದು ಗದ್ದೆ ಉಳುಮೆ ಶುರುವಾಯಿತೆಂದರೆ ಮಂಗಳೂರು, ಉಡುಪಿ ಕಡೆಯ ಹಳೆ ಟ್ರ್ಯಾಕ್ಟರ್‌ಗಳ ಸೈಲೆನ್ಸರಿನಲ್ಲಿ ನೀಲಿ ಹೊಗೆ, ಅಂದರೆ ಎಂಜಿನ್ ಆಯಿಲ್ ಉರಿಯುವ ಗುರುತು, ಕಾಣಿಸತೊಡಗುತ್ತದೆ. ಕೇಜ್‌ವ್ಹೀಲ್ ಹಾಕಿ ಕೆಸರಿನಲ್ಲಿ ಎಳೆಯುವಾಗ ಎಂಜಿನ್ ಮೇಲೆ ಬೀಳುವ ಲೋಡಿಗೆ ಯಾವ ದೋಷವೂ ಅಡಗಿ ಕೂರುವುದಿಲ್ಲ. ಕೂಡಲೇ ‘ಬೋರ್ ಹೋಗಿದೆ’ (ಸಿಲಿಂಡರ್ ಸವೆದಿದೆ) ಎಂದು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿಸಿಬಿಡುತ್ತಾರೆ. ಪಿಸ್ಟನ್, ಅದರ ಸುತ್ತಲಿನ ರಿಂಗ್, ಅದು ಓಡಾಡುವ ಕೊಳವೆಯಾದ ಲೈನರ್ ಎಲ್ಲ ಹೊಸದು ಹಾಕಿದ ಮೇಲೂ ಹೊಗೆ ಹಾಗೇ ಇದ್ದರೆ ಆಮೇಲೆ ಏರ್ ಕ್ಲೀನರ್ ಕಡೆ ನೋಡುತ್ತಾರೆ. ಕ್ರಮ ತಿರುಗಿಸಬೇಕು.

ಮೊದಲು ಅಳತೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕಾಲು ಗಂಟೆ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಗುಡ್ಡದ ಬದಿಯ ಅಂಗಳದಲ್ಲಿ ವಾಲಿ ನಿಂತ ಗಾಡಿಯ ಲೆವೆಲ್ ನಂಬಬೇಡಿ. ಮೇಲಿನ ಗೆರೆಗೆ ಸರಿಯಾಗಿ ತುಂಬಿ, 10 ಗಂಟೆ ಕೆಲಸ ಮಾಡಿಸಿ, ಮತ್ತೆ ಆ ಗೆರೆಗೆ ಬರಲು ಎಷ್ಟು ಬೇಕಾಯಿತೆಂದು ಅಳತೆ ಪಾತ್ರೆಯಲ್ಲಿ ನೋಡಿ. ಗಂಟೆಗೆ 4 ಲೀಟರ್ ಡೀಸೆಲ್ ಉರಿದರೆ 10 ಗಂಟೆಗೆ 40 ಲೀಟರ್, ಅದರ ಶೇ. 1 ಅಂದರೆ 400 ಮಿಲಿ. ಹಳೆ ಎಂಜಿನ್ ಇದಕ್ಕಿಂತ ಕಡಿಮೆ ತಿಂದರೆ ತಲೆಬಿಸಿ ಬೇಡ. ಲೆವೆಲ್ ಇಳಿಯುವ ಬದಲು ಏರಿದರೆ, ಆಯಿಲ್ ನೀರಾಗಿ ಡೀಸೆಲ್ ವಾಸನೆ ಬಂದರೆ, ಫೀಡ್ ಪಂಪಿನಿಂದಲೋ ಡೀಸೆಲ್ ಚಿಮ್ಮಿಸುವ ನೋಝಲ್‌ನಿಂದಲೋ ಡೀಸೆಲ್ ಚೇಂಬರಿಗೆ (ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ) ಇಳಿಯುತ್ತಿದೆ. ಅಂಥ ಗಾಡಿ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಎರಡನೆಯದು ಸೋರಿಕೆ. ಟ್ಯಾಪೆಟ್ ಕವರ್, ಆಯಿಲ್ ಫಿಲ್ಟರ್, ಮುಂದಿನ ಪುಲ್ಲಿ ಹಿಂಬದಿ, ಕ್ಲಚ್ ಹೌಸಿಂಗಿನ ಅಡಿಯ ತೂತು: ಎಲ್ಲ ತೊಳೆದು ಒರೆಸಿ, ರಾತ್ರಿ ಅಡಿಗೆ ರಟ್ಟು ಹಾಸಿ.

ಮೂರನೆಯದು ಗಾಳಿಯ ದಾರಿ. ಕೈ ಎಡವುವುದು ಇಲ್ಲೇ. ಹಳೆ ಟ್ರ್ಯಾಕ್ಟರ್‌ಗಳ ಏರ್ ಕ್ಲೀನರಿನ ಅಡಿಯಲ್ಲಿ ಆಯಿಲ್ ತುಂಬಿದ ಬಟ್ಟಲಿರುತ್ತದೆ. ‘ಸ್ವಲ್ಪ ಜಾಸ್ತಿ ಇರಲಿ’ ಎಂದು ಗೆರೆ ಮೀರಿ ತುಂಬಿದರೆ ಎಂಜಿನ್ ಅದನ್ನೇ ಹೀರಿ ಉರಿಸುತ್ತದೆ. ಜಾಲರಿ ಧೂಳಿನಲ್ಲಿ ಕಟ್ಟಿಕೊಂಡಿದ್ದರೆ ಎಳೆತ ಹೆಚ್ಚಿ, ವಾಲ್ವ್ ಗೈಡಿನ (ವಾಲ್ವ್ ಕಡ್ಡಿ ಓಡಾಡುವ ಕೊಳವೆಯ) ಸಂದಿನಿಂದಲೂ ಆಯಿಲ್ ಒಳಗೆ ಬರುತ್ತದೆ. ಬಟ್ಟಲು ಬಿಚ್ಚಿ, ತಳದ ಕೆಸರು ತೆಗೆದು, ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ, ಗೆರೆವರೆಗೆ ಹೊಸ ಆಯಿಲ್ ಹಾಕಿ. ಆಮೇಲೆ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸ್ ಕಳಚಿ ಒಳಗೆ ಬೆರಳಾಡಿಸಿ. ಮುರಕಲ್ಲು ಕೋರೆಗೆ ಹೋಗುವ ಗಾಡಿಯಾದರೆ ಬೆರಳಿಗೆ ಕೆಂಪು ಹುಡಿ ಹತ್ತೀತು. ಹತ್ತಿದರೆ ಹೋಸ್ ಬಿರಿದಿದೆ ಅಥವಾ ಕ್ಲಿಪ್ ಸಡಿಲ. ಆ ಹುಡಿ ಲೈನರನ್ನು ಮರಳು ಕಾಗದದಂತೆ ತಿಕ್ಕುತ್ತಿದೆ.

ಚೇಂಬರಿನ ಗ್ಯಾಸ್ ಹೊರಬಿಡುವ ಬ್ರೀದರ್ ಪೈಪನ್ನೂ ಊದಿ ನೋಡಿ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಬ್ರೀದರಿನಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಬ್ರೀದರ್ ಮುಚ್ಚಿಹೋದರೆ ಚೇಂಬರಿನಲ್ಲಿ ಒತ್ತಡ ಏರಿ, ಸೀಲು ಮತ್ತು ರಿಂಗ್ ದಾಟಿ ಆಯಿಲ್ ನುಗ್ಗುತ್ತದೆ. ಒಂದು ತಂತಿಯಲ್ಲಿ ಮುಗಿಯುವ ಕೆಲಸ.

ಇನ್ನು ಹೊಗೆ ಓದುವುದು. ಕಪ್ಪು ಹೊಗೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ ಎಂಬುದಕ್ಕೆ. ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ನೀಲಿ ಹೊಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬುಸ್ಸೆಂದು ಬಂದು ನಿಂತರೆ, ಅಥವಾ ಬಹಳ ಹೊತ್ತು ಐಡಲ್ ಇಟ್ಟು ರೇಸ್ ಕೊಟ್ಟಾಗ ಬಂದರೆ, ವಾಲ್ವ್ ಗೈಡ್ ಮೇಲೆ ಸಂಶಯ. ಲೋಡಿನಲ್ಲಿ ಬಿಡದೆ ಬರುತ್ತಿದ್ದರೆ ರಿಂಗ್ ಅಥವಾ ಲೈನರ್. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಮಗುಚಿ ಆ ತೂತಿನ ಮೇಲೇ ಸುಮ್ಮನೆ ಇಡಿ. ತುಸು ಅಲುಗಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದು, ತೂತಿನಿಂದ ಹೊಗೆ ತಾಳ ಹಾಕಿದಂತೆ ಹಾರಿದರೆ ಪಿಸ್ಟನ್ ಪಕ್ಕದಿಂದ ಗ್ಯಾಸ್ ಇಳಿಯುತ್ತಿದೆ.

ಆಗ ಕಂಪ್ರೆಷನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರಿನ ಒತ್ತಡವನ್ನು ಗೇಜಿನಲ್ಲಿ ಅಳೆಯುವುದು. ಪೆಟ್ರೋಲ್ ಗಾಡಿಯ ಗೇಜ್ ಡೀಸೆಲ್‌ಗೆ ಆಗದು, ಒಡೆಯುತ್ತದೆ. ಎಂಜಿನ್ ಬಿಸಿ ಇರಲಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಎಲ್ಲ ನೋಝಲ್ ಬಿಚ್ಚಿ, ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದಿಟ್ಟು ಸೆಲ್ಫ್ ಹೊಡೆಯಿರಿ. ನೋಝಲ್ ತೂತಿನ ಎದುರು ಮುಖ, ಕೈ ಬೇಡ. ಅಂಕಿ ಎಷ್ಟಿರಬೇಕೆಂದು ಮ್ಯಾನ್ಯುಯಲ್ ಹೇಳುತ್ತದೆ, ನೋಡಬೇಕಾದದ್ದು ವ್ಯತ್ಯಾಸ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 10-15 ಕಡಿಮೆ ತೋರಿಸಿದರೆ ಅದಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿ, ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಂದಾಜಿನಲ್ಲಿ ಸುರಿಯಬೇಡಿ: ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ತೀರಾ ಕಡಿಮೆ, ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪಿಸ್ಟನ್ ತಲೆಯ ಗುಳಿಯಲ್ಲೇ ಆಯಿಲ್ ನಿಂತು ರಿಂಗಿಗೆ ತಲುಪದಿರುವುದೂ ಉಂಟು, ಹಾಗಾಗಿ ಇದೊಂದನ್ನೇ ನಂಬಬೇಡಿ. ಕಂಪ್ರೆಷನ್ ಸರಿಯಿದ್ದೂ ಲೋಡಿನಲ್ಲಿ ನೀಲಿ ಹೊಗೆ ಬಂದರೆ, ಕೆಳಗಿನ ಆಯಿಲ್ ರಿಂಗ್ ಮಸಿ ಕಟ್ಟಿ ಅಂಟಿರಬಹುದು. ಗೇಜಿಗೆ ಅದು ಕಾಣುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ತೆಗೆದರೆ ಯಾವ ಪೋರ್ಟ್ ಒದ್ದೆ ಕಪ್ಪಾಗಿದೆಯೋ ಅದೇ ಕಳ್ಳ ಸಿಲಿಂಡರ್.

ಹೊಗೆ ನಿಲ್ಲಿಸುತ್ತೇವೆಂದು ಮಾರುವ ಡಬ್ಬಿಗಳಿಗೆ ದುಡ್ಡು ಸುರಿಯಬೇಡಿ. ಆಯಿಲ್ ದಪ್ಪಗಾಗಿ ನಾಲ್ಕು ದಿನ ಹೊಗೆ ತಗ್ಗುತ್ತದೆ, ಅಷ್ಟೇ. 90 ನಂಬರಿನ ಗೇರ್ ಆಯಿಲ್ ಬೆರೆಸುವುದಂತೂ ಎಂಜಿನ್‌ಗೆ ವಿಷ. ಲೂಸ್ ಆಯಿಲ್ ಬಿಟ್ಟು, ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಸೀಲ್ ಆದ ಡಬ್ಬಿಯೇ ತನ್ನಿ.

ಈ ಪರೀಕ್ಷೆಗಳ ನಡುವೆ ಎಂಜಿನ್ ತಾನಾಗಿ ರೇಸ್ ಏರಿ, ಸ್ಟಾಪ್ ಎಳೆದರೂ ನಿಲ್ಲದಿದ್ದರೆ ಅದು ಆಯಿಲ್ ಮೇಲೇ ಓಡುತ್ತಿದೆ. ಗಾಳಿ ಒಳಹೋಗುವ ಬಾಯಿಗೆ ಹಲಗೆ ಒತ್ತಿ ಹಿಡಿಯಿರಿ. ಅಂಗೈ ಬೇಡ, ಬಟ್ಟೆಯೂ ಬೇಡ, ಒಳಗೆಳೆದುಕೊಳ್ಳುತ್ತದೆ. ಹಲಗೆಯನ್ನು ಮೊದಲೇ ಪಕ್ಕದಲ್ಲಿ ಇಟ್ಟುಕೊಂಡೇ ಸ್ಟಾರ್ಟ್ ಮಾಡಿ.

ಇಷ್ಟರ ಮೇಲೂ ರಿಂಗ್ ಕಡೆಗೇ ಬೆರಳು ತೋರಿದರೆ ಹೆಡ್ ಬಿಚ್ಚಿ. ಲೈನರಿನ ಮೇಲ್ತುದಿಯಲ್ಲಿ ಉಗುರು ತಡೆಯುವಷ್ಟು ಅಂಚು ಎದ್ದಿದ್ದರೆ ರಿಂಗ್ ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಪಿಸ್ಟನ್, ರಿಂಗ್, ಲೈನರ್ ಸೇರಿದ ಸೆಟ್ಟೇ ಬೇಕು. ಹೊಸ ಸೆಟ್ ಹಾಕಿದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ, ಲೈನರ್ ನುಣ್ಣಗೆ ಹೊಳಪೇರಿ ರಿಂಗ್ ಕೂರುವುದೇ ಇಲ್ಲ. ಎಂಜಿನ್ ಬಿಸಿಯಾದೊಡನೆ ಅರ್ಧ ಲೋಡಿನಲ್ಲಿ ಗದ್ದೆಗಿಳಿಸಿ.