ನಾಯಿಮರಿಗೆ ‘ಆಚೆ’ ಕಲಿಸುವುದು ಹೇಗೆ?

ಡೇರಿಗೆ ಹಾಲು ಹಾಕಲು ಹೋಗಿದ್ದ ತಮ್ಮ ಖಾಲಿ ಕ್ಯಾನಿನ ಜೊತೆ ಒಂದು ನಾಯಿಮರಿಯನ್ನೂ ತಂದ. ಕೋಲಾರದ ಸುತ್ತಮುತ್ತ ಮನೆಗಳಿಗೆ ನಾಯಿ ಬರುವುದು ಬಹುಮಟ್ಟಿಗೆ ಹೀಗೇ, ಹೇಳದೆ ಕೇಳದೆ. ಮರಿ ನೆಲಕ್ಕಿಳಿದು ಪಡಸಾಲೆಯನ್ನೆಲ್ಲ ಮೂಸಿತು. ಅಮ್ಮ ಆಗಷ್ಟೇ ಒಗೆದು ಹಾಕಿದ್ದ ಕಾಲೊರೆಸುವ ಬಟ್ಟೆ ಅದಕ್ಕೆ ಹಿಡಿಸಿತು. ಅದರ ಮೇಲೆಯೇ ಕೂತು ಉಚ್ಚೆ ಹೊಯ್ದು, ಏನೋ ದೊಡ್ಡ ಕೆಲಸ ಮುಗಿಸಿದ ಹಾಗೆ ಬಾಲ ಅಲ್ಲಾಡಿಸಿತು. “ತಂದ ಕಡೆಗೇ ಬಿಟ್ಟು ಬಾ” ಅಂದರು ಅಮ್ಮ.

ಮರಿ ಉಳಿಯಿತು. ಆದರೆ ಮೊದಲ ಕೆಲವು ವಾರ ನಾವು ಮಾಡದ ತಪ್ಪಿಲ್ಲ. ಬೈದೆವು, ಮೂತಿ ಹಿಡಿದು ನೆಲಕ್ಕೆ ಒತ್ತಿದೆವು, ಬಾಟಲಿಗಟ್ಟಲೆ ಫಿನಾಯಿಲ್ ಸುರಿದೆವು. ಯಾವುದೂ ಕೆಲಸಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ತಿಳಿದ ಮೇಲೆ ಉಳಿದದ್ದು ಅಷ್ಟೇನೂ ಕಷ್ಟವಾಗಲಿಲ್ಲ. ಮನೆಗೆ ಹೊಸ ಮರಿ ಬಂದಿದ್ದರೆ ನಮ್ಮ ಹಾಗೆ ಒದ್ದಾಡುವುದು ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ವಯಸ್ಸು ತಿಳಿದುಕೊಳ್ಳಿ

ಹುಟ್ಟಿದ ಮೊದಲೆರಡು ವಾರ ಮರಿಗೆ ಒಂದಕ್ಕೂ ಎರಡಕ್ಕೂ ತಾನಾಗಿ ಹೋಗಲು ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ. ಮೂರನೇ ವಾರದ ಹೊತ್ತಿಗೆ ಕಾಲಿಗೆ ಬಲ ಬಂದಾಗ, ಮಲಗುವ ಜಾಗ ಬಿಟ್ಟು ಒಂದಿಷ್ಟು ದೂರ ತೂರಾಡಿಕೊಂಡು ಹೋಗಿ ಮಾಡತೊಡಗುತ್ತದೆ. ಮಲಗುವಲ್ಲಿ ಗಲೀಜು ಮಾಡಬಾರದೆಂಬ ಬುದ್ಧಿ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಪಡಸಾಲೆ, ಅಡುಗೆಮನೆ, ದೇವರ ಮನೆ ಎಲ್ಲವೂ ‘ಮಲಗುವ ಜಾಗ’ವೇ ಎಂದು ಅದಕ್ಕೆ ಮನದಟ್ಟು ಮಾಡಿಸಿದರೆ ನಮ್ಮ ಕೆಲಸ ಮುಗಿಯಿತು.

ಎರಡು ತಿಂಗಳು ತುಂಬುವವರೆಗೆ ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆಂದು ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳ ಪ್ರಕಾರವೂ 8 ವಾರಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ಇಕ್ಕಟ್ಟಾದ ಗೂಡಿನಲ್ಲಿ ತನ್ನದೇ ಹೊಲಸಿನ ಮೇಲೆ ಮಲಗಿ ಬೆಳೆದ ಮರಿಗೆ ಆ ಹುಟ್ಟುಬುದ್ಧಿ ಮೊಂಡಾಗಿರುತ್ತದೆ. ಅಂಥದ್ದಕ್ಕೆ ಕಲಿಸಲು ಎರಡರಷ್ಟು ತಾಳ್ಮೆ ಬೇಕು.

ಹಗಲು ಹೊತ್ತಿನಲ್ಲಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅನ್ನುವುದಕ್ಕೆ ನಾಯಿ ಸಾಕುವವರಲ್ಲಿ ಒಂದು ಅಂದಾಜು ಲೆಕ್ಕವಿದೆ: ಎಷ್ಟು ತಿಂಗಳ ಮರಿಯೋ ಅಷ್ಟು ಗಂಟೆ. ಎರಡು ತಿಂಗಳಿನದು ಎರಡು ಗಂಟೆ, ಮೂರು ತಿಂಗಳಿನದು ಮೂರು. ಅದೂ ಸುಮ್ಮನೆ ಮಲಗಿದ್ದರೆ. ಆಡುತ್ತಿದ್ದರೆ ಅರ್ಧ ಗಂಟೆಯೂ ತಡೆಯುವುದಿಲ್ಲ. ಅದು ಹಟ ಮಾಡುತ್ತಿಲ್ಲ, ತಡೆಯುವ ಸ್ನಾಯುಗಳೇ ಇನ್ನೂ ಬಲಿತಿರುವುದಿಲ್ಲ. ಎರಡೂವರೆ ತಿಂಗಳ ಮರಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಮನೆಯೊಳಗೆ ಬಿಟ್ಟು ಬೀಗ ಹಾಕಿ ಸಂಜೆ ಐದಕ್ಕೆ ಬಂದು ಬೈಯುವವರು, ಮೊದಲು ತಾವು ಅಷ್ಟು ಹೊತ್ತು ತಡೆದುಕೊಂಡು ನೋಡಲಿ.

ಜಾಗ ಒಂದೇ ಇರಲಿ

ಎಂಟೊಂಬತ್ತು ವಾರದ ಹೊತ್ತಿಗೆ ಮರಿ ಇನ್ನೊಂದು ವಿಷಯವನ್ನೂ ಗಟ್ಟಿ ಮಾಡಿಕೊಳ್ಳುತ್ತದೆ. ಅಂಗಾಲಿಗೆ ಏನು ತಾಗಿದರೆ ಅದು ಒಂದಕ್ಕೆ ಹೋಗುವ ಜಾಗ ಅನ್ನುವುದು. ಮಣ್ಣಿನ ಮೇಲೆ ರೂಢಿಯಾದದ್ದು ಮಣ್ಣನ್ನೇ ಹುಡುಕುತ್ತದೆ, ಬಟ್ಟೆಯ ಮೇಲೆ ರೂಢಿಯಾದದ್ದು ಬಟ್ಟೆಯನ್ನು. ನಮ್ಮ ಕಾಲೊರೆಸುವ ಬಟ್ಟೆಗೆ ಬಂದ ಗತಿಗೆ ಕಾರಣ ಇದೇ. ಹಾಗಾಗಿ ಮೊದಲ ಎರಡು ತಿಂಗಳು ಕಾಲೊರೆಸುವ ಬಟ್ಟೆ, ಜಮಖಾನ, ಚಾಪೆ ಎಲ್ಲವನ್ನೂ ಸುತ್ತಿ ಅಟ್ಟಕ್ಕೆ ಹಾಕಿ.

ಹಿತ್ತಲಿದ್ದರೆ ಒಂದು ಮೂಲೆ ಗೊತ್ತುಮಾಡಿ. ಮೂವತ್ತು ನಲವತ್ತರ ಸೈಟಿನಲ್ಲಿ ಗೇಟಿನವರೆಗೂ ಸಿಮೆಂಟು ಹಾಕಿಸಿ ಒಂದು ಹಿಡಿ ಮಣ್ಣೂ ಕಾಣದ ಮನೆಯಾದರೆ, ಗಾರೆ ಕಲಸುವ ಹಳೆಯ ಬಾಂಡ್ಲಿಯಲ್ಲೋ ಅಗಲವಾದ ಟ್ರೇಯಲ್ಲೋ ಕೆಮ್ಮಣ್ಣು ತುಂಬಿ ತಾರಸಿಯ ಮೇಲಿಡಿ. ಮರಿ ಹತ್ತಿ ಇಳಿಯುವಷ್ಟು ಅಂಚು ತಗ್ಗಾಗಿರಬೇಕು.

ನ್ಯೂಸ್ ಪೇಪರ್ ಹಾಸುವವರಿದ್ದಾರೆ. ಫ್ಲಾಟಿನಲ್ಲಿರುವವರಿಗೆ ಬೇರೆ ದಾರಿಯೂ ಇಲ್ಲ ಅನ್ನಿ. ಆದರೆ ಪೇಪರಿಗೆ ರೂಢಿಯಾದ ಮರಿಗೆ ಪೇಪರು ಎಲ್ಲಿದ್ದರೂ ಪೇಪರೇ. ಮಗಳ ಹೋಂವರ್ಕ್ ಪುಸ್ತಕಕ್ಕೂ ನೀವು ಈಗ ಓದುತ್ತಿರುವ ಈ ಪುರವಣಿಗೂ ಅದು ಭೇದ ಮಾಡುವುದಿಲ್ಲ. ಸಾಧ್ಯವಿದ್ದರೆ ಮೊದಲ ದಿನದಿಂದಲೇ ಮಣ್ಣು ತೋರಿಸಿ.

ಒಂದು ಎಚ್ಚರಿಕೆ. ಲಸಿಕೆಗಳು ಮುಗಿಯುವವರೆಗೆ ಮರಿಯನ್ನು ಬೀದಿಗಾಗಲಿ, ಬೇರೆ ನಾಯಿಗಳು ಓಡಾಡುವ ಖಾಲಿ ಸೈಟಿಗಾಗಲಿ ಇಳಿಸಬೇಡಿ. ಮರಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕಾಗಿ ಹಿತ್ತಲು ಇಲ್ಲವೇ ತಾರಸಿಯೇ ವಾಸಿ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ದಿನಾಂಕಗಳನ್ನು ಪಶುವೈದ್ಯರ ಬಳಿ ಬರೆಸಿಕೊಳ್ಳಿ.

ಟೊಮೆಟೊ ಕ್ರೇಟಿನ ಬೇಲಿ

ಕಣ್ಣಿಗೆ ಬೀಳದ ಮರಿ ಮೂಲೆ ಹುಡುಕಿಕೊಂಡಿದೆ ಎಂದೇ ಅರ್ಥ. ಮನೆಯಿಡೀ ಓಡಾಡಲು ಬಿಟ್ಟರೆ ಕಲಿಸುವುದು ಆಗದ ಮಾತು. ಪೇಟೆಯಲ್ಲಿ ಇದಕ್ಕೆಂದೇ ತಂತಿ ಬೋನುಗಳು ಸಿಗುತ್ತವೆ, ಸಾವಿರಾರು ರೂಪಾಯಿ. ನಾವು ಮಾಡಿದ್ದು ಇಷ್ಟೇ: ಮಂಡಿಗೆ ಹಾಕುವ ಪ್ಲಾಸ್ಟಿಕ್ ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಎರಡೆರಡು ಜೋಡಿಸಿ, ಹಗ್ಗದಿಂದ ಬಿಗಿದು, ಪಡಸಾಲೆಯ ಮೂಲೆಯಲ್ಲಿ ಬೇಲಿ ಕಟ್ಟಿದೆವು. ಕೋಲಾರದಲ್ಲಿ ಕ್ರೇಟಿಗೇನು ಬರ. ಗಾಳಿ ಬೆಳಕು ಆಡುತ್ತದೆ, ಮರಿಗೆ ನಾವು ಕಾಣುತ್ತೇವೆ, ನಮಗೆ ಮರಿ ಕಾಣುತ್ತದೆ.

ಆ ಜಾಗ ಮರಿ ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟಿರಲಿ. ತೀರ ದೊಡ್ಡದಾದರೆ ಒಂದು ಮೂಲೆ ಹಾಸಿಗೆ, ಇನ್ನೊಂದು ಮೂಲೆ ಕಕ್ಕಸು ಮಾಡಿಕೊಳ್ಳುತ್ತದೆ. ಬೇಲಿಯೊಳಗೆ ಇಡುವುದನ್ನು ಶಿಕ್ಷೆಯಾಗಿ ಬಳಸಬೇಡಿ. ಊಟವನ್ನೂ ಅಲ್ಲೇ ಕೊಟ್ಟರೆ ಅದು ಆ ಜಾಗವನ್ನು ಬೇಗ ತನ್ನದೆಂದುಕೊಳ್ಳುತ್ತದೆ.

ದಿನದ ಲೆಕ್ಕ

ನಿದ್ದೆಯಿಂದ ಎದ್ದ ಕೂಡಲೇ, ಉಂಡ ಐದರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದ ಮೇಲೆ, ರಾತ್ರಿ ಮಲಗುವ ಮುಂಚೆ. ಈ ನಾಲ್ಕು ಹೊತ್ತು ತಪ್ಪಿಸಬಾರದು. ಇವುಗಳ ನಡುವೆಯೂ ಎಚ್ಚರವಾಗಿರುವಾಗ ಗಂಟೆಗೊಮ್ಮೆ. ಮೊದಲ ವಾರ ದಿನಕ್ಕೆ ಹತ್ತು ಹನ್ನೆರಡು ಸಲ ಹೊರಗೆ ಹೋಗಬೇಕಾಗುತ್ತದೆ. ಗಾಬರಿಯಾಗಬೇಡಿ, ತಿಂಗಳೊಳಗೆ ಇಳಿಯುತ್ತದೆ.

ಹಸು ಸಾಕಿದ ಮನೆಯಲ್ಲಿ ಇದು ಹೊರೆಯಲ್ಲ. ಹಾಲು ಕರೆಯಲು ಏಳುವ ಹೊತ್ತಿಗೆ ಮೊದಲ ಸುತ್ತು. ಮುಖ ತೊಳೆಯುವುದು, ಕಾಫಿ ಎಲ್ಲ ಆಮೇಲೆ. ಮೊದಲು ಮರಿಯನ್ನು ಎತ್ತಿಕೊಂಡು ಹೋಗಿ. ಎತ್ತಿಕೊಂಡು ಅಂದದ್ದು ಬೇಕೆಂದೇ. ನಡೆಸಿಕೊಂಡು ಹೊರಟರೆ ಹೊಸ್ತಿಲು ದಾಟುವ ಮೊದಲೇ ಕೆಲಸ ಮುಗಿಸಿರುತ್ತದೆ. ಜಾಗಕ್ಕೆ ಹೋದ ಮೇಲೆ ಕತ್ತಿಗೆ ಸಣ್ಣ ಹಗ್ಗ ಕಟ್ಟಿ, ಕೆಳಗೆ ಬಿಟ್ಟು, ಸುಮ್ಮನೆ ನಿಲ್ಲಿ. ಮಾತಾಡಿಸಬೇಡಿ, ಆಡಿಸಬೇಡಿ, ಮೊಬೈಲು ನೋಡಬೇಡಿ. ಐದು ನಿಮಿಷ ಕಳೆದರೂ ಏನೂ ಮಾಡದಿದ್ದರೆ ಒಳಗೆ ತಂದು ಬೇಲಿಯೊಳಗೆ ಬಿಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಕರೆದೊಯ್ಯಿರಿ.

ಊಟ ಹೊತ್ತು ಹೊತ್ತಿಗೆ ಸರಿಯಾಗಿ ಕೊಟ್ಟರೆ ಎರಡಕ್ಕೆ ಹೋಗುವ ಹೊತ್ತೂ ತಾನಾಗಿ ಸರಿಹೋಗುತ್ತದೆ. ಎರಡು ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ. ಇಪ್ಪತ್ತು ನಿಮಿಷವಾದ ಮೇಲೆ ತಟ್ಟೆ ತೆಗೆದುಬಿಡಿ. ನೀರು ಮಾತ್ರ ಹಗಲೆಲ್ಲ ಇರಲಿ.

ಇಲ್ಲಿ ನಮ್ಮ ಕಡೆಯ ಒಂದು ತಪ್ಪನ್ನು ಹೇಳಲೇಬೇಕು. ಮನೆಯಲ್ಲಿ ಹಾಲಿದೆಯೆಂದು ಮರಿಗೆ ಬಟ್ಟಲು ತುಂಬ ಹಸುವಿನ ಹಾಲು ಇಡುತ್ತೇವೆ. ಎಷ್ಟೋ ಮರಿಗಳಿಗೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾಗುವ ಮರಿಗೆ ಯಾವ ದೇವರು ಬಂದರೂ ಜಾಗ ಕಲಿಸಲಾರ. ನಾವು ಹದಿನೈದು ದಿನ ಮರಿಯನ್ನು ಬೈದದ್ದು ಹಾಲಿನ ತಪ್ಪಿಗೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರಿನಲ್ಲಿ ಮುದ್ದೆ ಕಲಸಿ ಹಾಕುವುದೂ ಬೇಡ. ನಾಯಿಗೆ ಈರುಳ್ಳಿ ಆಗಿಬರುವುದಿಲ್ಲ.

ಮೂರು ಭಾಷೆಯ ಮನೆಯಲ್ಲಿ ಒಂದು ಮಾತು

ನಮ್ಮ ಅಜ್ಜಿ ಮರಿಗೆ “ಬಯಟಿಕಿ ಪಾ” ಅನ್ನುತ್ತಿದ್ದರು. ಅಮ್ಮ “ಆಚೆ ನಡಿ”. ಮಕ್ಕಳು “ಗೋ ಔಟ್”. ಕೋಲಾರದ ಮನೆಗಳಲ್ಲಿ ಇದು ಹೊಸದಲ್ಲ, ತೆಲುಗು ಕನ್ನಡ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಮನುಷ್ಯರಿಗೆ ಸರಿ, ಮರಿಗೆ ಅವು ಸಂಬಂಧವೇ ಇಲ್ಲದ ಮೂರು ಸದ್ದು. ಕೊನೆಗೆ ಮನೆಯವರೆಲ್ಲ ಕೂತು ‘ಆಚೆ’ ಎಂಬ ಒಂದೇ ಮಾತಿಗೆ ಒಪ್ಪಿದೆವು. ಅಜ್ಜಿ ಮಾತ್ರ, “ನಾಯಿಗೋಸ್ಕರ ನಾನು ಭಾಷೆ ಬದಲಾಯಿಸ್ಬೇಕಾ?” ಅಂತ ಎರಡು ದಿನ ಮುನಿಸಿಕೊಂಡಿದ್ದರು.

ಎತ್ತಿಕೊಳ್ಳುವಾಗ ಒಮ್ಮೆ, ಜಾಗಕ್ಕೆ ಹೋದ ಮೇಲೆ ಒಮ್ಮೆ ‘ಆಚೆ’ ಅನ್ನಿ. ಕೆಲಸ ಮುಗಿದ ಕೂಡಲೇ, ಅಲ್ಲೇ, ಬೆನ್ನು ಸವರಿ ತಿನ್ನಲು ಒಂದು ಚೂರು ಕೊಡಿ. ಬೇಯಿಸಿದ ಮೊಟ್ಟೆಯೋ ಉಪ್ಪು ಖಾರವಿಲ್ಲದ ಕೋಳಿಯೋ, ಕಡಲೆಕಾಳಿನಷ್ಟು ಸಾಕು. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಬೇಡವೇ ಬೇಡ, ನಾಯಿಯ ಮೂತ್ರಪಿಂಡಕ್ಕೆ ಅವು ವಿಷ. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದುಕೊಳ್ಳುತ್ತದೆ. ಚೂರುಗಳನ್ನು ಡಬ್ಬಿಯಲ್ಲಿ ಹಾಕಿ ಹಿತ್ತಲ ಬಾಗಿಲ ಪಕ್ಕದಲ್ಲೇ ಇಟ್ಟುಕೊಳ್ಳುವುದು ಅದಕ್ಕೇ.

ಒಳಗೇ ಮಾಡಿಬಿಟ್ಟರೆ

ನೆಲ ಮೂಸುತ್ತ ಒಂದೇ ಕಡೆ ಸುತ್ತುವುದು, ಆಡುತ್ತಿದ್ದದ್ದು ಥಟ್ಟನೆ ನಿಲ್ಲಿಸಿ ಮೂಲೆಗೆ ಸರಿಯುವುದು, ಬಾಗಿಲ ಕಡೆ ನೋಡಿ ಕುಂಯ್ಗುಟ್ಟುವುದು ಸೂಚನೆಗಳು. ಕಂಡ ಕೂಡಲೇ ಎತ್ತಿಕೊಂಡು ಹೊರಡಿ. ನಡುವೆ ಸಿಕ್ಕಿಬಿದ್ದರೆ ಒಂದು ಚಪ್ಪಾಳೆ ತಟ್ಟಿ, ಹೆದರಿಸದೆ, ಎತ್ತಿಕೊಂಡು ಜಾಗಕ್ಕೆ ಹೋಗಿ.

ಮಾಡಿ ಮುಗಿಸಿದ್ದು ಆಮೇಲೆ ಕಂಡರೆ ಬಾಯಿ ಮುಚ್ಚಿಕೊಂಡು ಒರೆಸುವುದಷ್ಟೇ ನಮ್ಮ ಪಾಲಿಗೆ ಉಳಿದದ್ದು. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೂ ಈಗ ಬಿದ್ದ ಏಟಿಗೂ ಮರಿ ತಾಳೆ ಹಾಕಲಾರದು. ಏಟು ತಿಂದ ಮರಿ ಕಲಿಯುವುದು ‘ಇವರ ಎದುರಿಗೆ ಹೋಗಬಾರದು’ ಎಂದು. ಆಮೇಲೆ ಹಿತ್ತಲಿಗೆ ಕರೆದೊಯ್ದರೂ ನಿಮ್ಮೆದುರು ಮಾಡದೆ, ಒಳಗೆ ಬಂದು ಮಂಚದ ಕೆಳಗೆ ಅಡಗಿ ಮಾಡುತ್ತದೆ. ನಮ್ಮ ಮರಿ ಮೂರು ವಾರ ಮಾಡಿದ್ದು ಅದನ್ನೇ.

ಒರೆಸುವುದರಲ್ಲೂ ಕ್ರಮವಿದೆ. ಫಿನಾಯಿಲ್ ವಾಸನೆ ನಮ್ಮ ಮೂಗಿಗೆ ಉಚ್ಚೆಯ ವಾಸನೆಯನ್ನು ಮುಚ್ಚುತ್ತದೆ, ನಾಯಿಯ ಮೂಗಿಗೆ ಮುಚ್ಚುವುದಿಲ್ಲ. ಮೇಲಾಗಿ ಒದ್ದೆ ನೆಲದ ಮೇಲೆ ನಡೆದ ಮರಿ ಕಾಲು ನೆಕ್ಕಿಕೊಂಡರೆ ಅಪಾಯ. ಇನ್ನು ನಮ್ಮಮ್ಮ ಮಾಡಿದ್ದು ಕೇಳಿ. ಮೈಲಿಗೆಯಾಯಿತೆಂದು ಒರೆಸಿದ ಮೇಲೆ ಅಲ್ಲಿ ಗಂಜಲ ಚಿಮುಕಿಸುತ್ತಿದ್ದರು. ನಮಗೆ ಅದು ಶುದ್ಧಿ, ನಾಯಿಯ ಮೂಗಿಗೆ ಅದೂ ಉಚ್ಚೆಯೇ. ಮಾರನೇ ದಿನ ಸರಿಯಾಗಿ ಅದೇ ಜಾಗ! ಹಳೇ ಬಟ್ಟೆಯಿಂದ ಒತ್ತಿ ಹೀರಿಸಿ, ಸೋಪಿನ ಪುಡಿ ಹಾಕಿದ ನೀರಿನಲ್ಲಿ ತೊಳೆದು, ನೀರು ಬೆರೆಸಿದ ಬಿಳಿ ವಿನೆಗರ್‌ನಲ್ಲಿ ಒರೆಸಿ ಒಣಗಲು ಬಿಡಿ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಇನ್ನೂ ಒಳ್ಳೆಯದು. ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಉಚ್ಚೆಗೆ ಹತ್ತಿರದ್ದು.

ರಾತ್ರಿ

ಮಲಗುವ ಒಂದೆರಡು ಗಂಟೆ ಮುಂಚೆ ನೀರಿನ ಬಟ್ಟಲು ತೆಗೆದಿಡಿ. ಬೇಲಿಯನ್ನು ನೀವು ಮಲಗುವ ಕೋಣೆಗೇ ತಂದುಕೊಳ್ಳಿ. ತಾಯಿಯಿಂದ ಬಿಡಿಸಿ ತಂದ ಮರಿಯನ್ನು ಕೊಟ್ಟಿಗೆಯಲ್ಲಿ ಒಂಟಿಯಾಗಿ ಕಟ್ಟಿದರೆ ರಾತ್ರಿಯಿಡೀ ಅಳುತ್ತದೆ, ಯಾವ ಅಳು ಯಾತಕ್ಕೆ ಅನ್ನುವುದೂ ತಿಳಿಯುವುದಿಲ್ಲ. ಎರಡು ತಿಂಗಳ ಮರಿಗೆ ನಡುರಾತ್ರಿ ಒಂದೆರಡು ಗಂಟೆಗೆ ಅಲಾರಂ ಇಟ್ಟು ಒಮ್ಮೆ ಎತ್ತಿಕೊಂಡು ಹೋಗಬೇಕು. ದೀಪ ಹಾಕದೆ, ಮುದ್ದಾಡದೆ, ಕೆಲಸ ಮುಗಿಸಿ ತಂದು ಮಲಗಿಸಿ. ನಾಲ್ಕು ತಿಂಗಳಾಗುವ ಹೊತ್ತಿಗೆ ಬಹುತೇಕ ಮರಿಗಳು ಬೆಳಗಿನವರೆಗೆ ತಡೆಯುತ್ತವೆ.

ಡಾಕ್ಟರಿಗೆ ತೋರಿಸುವುದು ಯಾವಾಗ

ಮತ್ತೆ ಮತ್ತೆ ಕೂತು ನಾಲ್ಕೇ ಹನಿ ಹೊಯ್ಯುತ್ತಿದ್ದರೆ, ಹೊಯ್ಯುವಾಗ ಅಳುತ್ತಿದ್ದರೆ, ಕಲಿತ ಮರಿ ಇದ್ದಕ್ಕಿದ್ದಂತೆ ಒಳಗೆ ಮಾಡತೊಡಗಿದರೆ ಮೂತ್ರದ ಸೋಂಕಿರಬಹುದು. ವಾಂತಿ, ರಕ್ತ ಬೆರೆತ ಭೇದಿ ಕಂಡರೆ ಪಾರ್ವೊ ಇರಬಹುದು, ಅದಕ್ಕೆ ನಾಳೆ ಎನ್ನುವಂತಿಲ್ಲ, ಅವತ್ತೇ ಓಡಿ. ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸಿ. ಆ ಹುಳುವಿನ ಮೊಟ್ಟೆ ಮಣ್ಣಿನಿಂದ ಮಕ್ಕಳ ಹೊಟ್ಟೆಗೂ ಸೇರುತ್ತದಾದ್ದರಿಂದ ಹಿತ್ತಲ ಮೂಲೆಯನ್ನು ದಿನಾ ತೆಗೆದು ಚೊಕ್ಕಟ ಮಾಡಬೇಕು.

ಮನೆಗೆ ಯಾರಾದರೂ ಬಂದಾಗ, ನೀವು ಬಾಗಿ ಮುಟ್ಟಿದಾಗ ಬಾಲ ಮುದುರಿ ಎರಡು ಹನಿ ಬಿಡುವುದು ಬೇರೆ. ಅದು ಭಯಭಕ್ತಿ. ಬೈದರೆ ಜಾಸ್ತಿಯಾಗುತ್ತದೆ. ನೇರವಾಗಿ ದಿಟ್ಟಿಸದೆ, ಪಕ್ಕಕ್ಕೆ ಕೂತು, ಗದ್ದದ ಕೆಳಗಿನಿಂದ ಸವರಿದರೆ ಬೆಳೆಯುತ್ತ ಹೋಗಿಬಿಡುತ್ತದೆ.

ಸೆಪ್ಟೆಂಬರ್ ಅಕ್ಟೋಬರಿನಲ್ಲಿ ನಮ್ಮಲ್ಲಿ ಮಳೆ ಹಿಡಿದಾಗ ಎಲ್ಲ ಕಲಿತ ಮರಿಯೂ ಹೊಸ್ತಿಲಲ್ಲಿ ನಿಂತು ಮುಖ ತಿರುಗಿಸುತ್ತದೆ. ಹಿತ್ತಲ ಮೂಲೆಗೆ ನಾಲ್ಕು ಗೂಟ ನೆಟ್ಟು ಒಂದು ತುಂಡು ಟಾರ್ಪಾಲು ಕಟ್ಟಿ, ಛತ್ರಿ ಹಿಡಿದು ಜೊತೆಗೆ ನಿಲ್ಲಿ. ನಮ್ಮನೆಯಲ್ಲಿ ಆ ಛತ್ರಿ ಹಿಡಿಯುವ ಕೆಲಸ ಅಜ್ಜಿ ತಾವಾಗಿ ವಹಿಸಿಕೊಂಡರು. ಛತ್ರಿಯ ಮುಕ್ಕಾಲು ಭಾಗ ಮರಿಯ ಮೇಲೆ, ಬಾಯಲ್ಲಿ ಮಾತ್ರ ಅದೇ “ಬಯಟಿಕಿ ಪಾ, ಬಯಟಿಕಿ ಪಾ.”