ಯುಡಿಪಿ ಸಾಕೆಟ್‌ನೊಳಗೆ ಐಪಿ ಟನೆಲ್: ಕರ್ನಲ್ ಮಾಡ್ಯೂಲ್ ಬರೆದ ನನ್ನ ಅನುಭವ

ಎರಡು ಪ್ರಯೋಗಾಲಯಗಳ ಖಾಸಗಿ ಐಪಿ ಜಾಲಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ನಡುವಿನ ಫೈರ್‌ವಾಲ್ ಟಿಸಿಪಿ, ಯುಡಿಪಿ, ಐಸಿಎಂಪಿಗಳನ್ನು ಬಿಟ್ಟು ಬೇರೇನನ್ನೂ ದಾಟಲು ಬಿಡುತ್ತಿರಲಿಲ್ಲ. ಒಂದು ಪ್ಯಾಕೆಟ್ಟನ್ನು ಇನ್ನೊಂದರೊಳಗೆ ತುಂಬಿ ಸಾಗಿಸುವ, ಅಂದರೆ ಟನೆಲ್ ಮಾಡುವ ವಿಧಾನವಾದ ಜಿಆರ್‌ಇ ಐಪಿ ಪ್ರೋಟೋಕಾಲ್ ಸಂಖ್ಯೆ 47ನ್ನು ಬಳಸುವುದರಿಂದ ಅಲ್ಲಿಗೇ ನಿಂತಿತು. ಮೊದಲಿಗೆ ಟನ್ ಎಂಬ ಕಾಲ್ಪನಿಕ ನೆಟ್‌ವರ್ಕ್ ಸಾಧನವನ್ನು ತೆರೆದು, ಯೂಸರ್‌ಸ್ಪೇಸ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಹೊರಗೆ ಓಡುವ ಒಂದು ಪ್ರೋಗ್ರಾಮ್ ಅದರಿಂದ ಪ್ಯಾಕೆಟ್ ಓದಿ ಯುಡಿಪಿ ಸಾಕೆಟ್‌ಗೆ ಬರೆಯುವ ವ್ಯವಸ್ಥೆ ಮಾಡಿದೆ. ಅದು ಸರಿಯಾಗಿಯೇ ನಡೆಯುತ್ತಿತ್ತು. ಆದರೆ ಪ್ರತಿ ಪ್ಯಾಕೆಟ್ ಕರ್ನಲ್‌ನಿಂದ ಹೊರಬಂದು ಮತ್ತೆ ಕರ್ನಲ್ ಹೊಗಬೇಕಾದುದರಿಂದ, ದೊಡ್ಡ ಫೈಲುಗಳ ವರ್ಗಾವಣೆ ಶುರುವಾದರೆ ಒಂದು ಸಿಪಿಯು ಪೂರ್ತಿಯಾಗಿ ಇದಕ್ಕೇ ಮೀಸಲಾಗುತ್ತಿತ್ತು. ಆದ್ದರಿಂದ ಇಡೀ ಕೆಲಸವನ್ನು ಲಿನಕ್ಸ್ ಕರ್ನಲ್‌ನ ಒಳಗೇ ಮುಗಿಸುವ ಮಾಡ್ಯೂಲ್ (ಕರ್ನಲ್‌ಗೆ ಸೇರಿಸಿ, ಕಳಚಬಹುದಾದ ಕೋಡ್) ಬರೆಯಲು ನಿರ್ಧರಿಸಿದೆ.

ಈ ದಾರಿ ಹೊಸದಲ್ಲ. 2012ರ ಕೊನೆಯಲ್ಲಿ ಬಂದ ಲಿನಕ್ಸ್ 3.7ನೇ ಆವೃತ್ತಿಯ ವಿಎಕ್ಸ್‌ಲ್ಯಾನ್ (ಈಥರ್ನೆಟ್ ಫ್ರೇಮ್‌ಗಳನ್ನು ಸಾಗಿಸುವ ಟನೆಲ್), 2020ರ 5.6ನೇ ಆವೃತ್ತಿಯ ವೈರ್‌ಗಾರ್ಡ್ (ಗೂಢಲಿಪೀಕರಿಸುವ ಟನೆಲ್) ಎರಡೂ ಕರ್ನಲ್ ಒಳಗಿನ ಯುಡಿಪಿ ಸಾಕೆಟ್ ಮೇಲೆಯೇ ನಿಂತಿವೆ. ನನಗೆ ಒಳಗಿನ ಈಥರ್ನೆಟ್ ಹೆಡರ್ ಬೇಕಿರಲಿಲ್ಲ, ಟನೆಲ್‌ನ ಗುರುತಿನ ಸಂಖ್ಯೆ ಮಾತ್ರ ಬೇಕಿತ್ತು; ಹಾಗಾಗಿ 8 ಬೈಟ್‌ಗಳ ಚಿಕ್ಕ ಹೆಡರ್ ಒಂದನ್ನು ರೂಪಿಸಿಕೊಂಡೆ. ಟಿಸಿಪಿಯನ್ನು ನಾನು ಪರಿಗಣಿಸಲೇ ಇಲ್ಲ. ಒಳಗೊಂದು ಟಿಸಿಪಿ, ಹೊರಗೊಂದು ಟಿಸಿಪಿ ಇದ್ದರೆ, ಒಂದು ಪ್ಯಾಕೆಟ್ ಕಳೆದ ಕೂಡಲೇ ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಮರುಕಳುಹಿಸಲು ತೊಡಗಿ, ವೇಗ ನೆಲಕಚ್ಚುತ್ತದೆ.

ಸಾಕೆಟ್ ತೆರೆಯುವುದು ಸುಲಭ. ಯುಡಿಪಿ_ಸಾಕ್_ಕ್ರಿಯೇಟ್ ಎಂಬ ಫಂಕ್ಷನ್ ಸಾಕೆಟ್ ಮಾಡಿ ಪೋರ್ಟಿಗೆ ಕಟ್ಟಿಕೊಡುತ್ತದೆ. ಸೆಟಪ್_ಯುಡಿಪಿ_ಟನೆಲ್_ಸಾಕ್ ಅದಕ್ಕೆ ನಮ್ಮ ಎನ್‌ಕ್ಯಾಪ್_ಆರ್‌ಸಿವಿ ಫಂಕ್ಷನ್ ಅನ್ನು ಜೋಡಿಸುತ್ತದೆ. ಇಡೀ ವಿನ್ಯಾಸದ ತಿರುಳು ಈ ಒಂದು ಫಂಕ್ಷನ್‌ನಲ್ಲಿದೆ. ನಮ್ಮ ಪೋರ್ಟಿಗೆ ಬಂದ ಪ್ಯಾಕೆಟ್ ಸಾಕೆಟ್‌ನ ಸರತಿಗೆ ಸೇರುವ ಮೊದಲೇ ಯುಡಿಪಿ ಪದರ ಇದನ್ನು ಕರೆಯುತ್ತದೆ. ಇದು ಸೊನ್ನೆ ಹಿಂದಿರುಗಿಸಿದರೆ ಪ್ಯಾಕೆಟ್ ನಮ್ಮದಾಯಿತು ಎಂದರ್ಥ. ಧನಸಂಖ್ಯೆ ಕೊಟ್ಟರೆ ಅದು ಸಾಮಾನ್ಯ ಯುಡಿಪಿ ಪ್ಯಾಕೆಟ್‌ನಂತೆ ಸರತಿಗೆ ಹೋಗುತ್ತದೆ. ಋಣಸಂಖ್ಯೆ ಕೊಟ್ಟರೆ ಋಣಚಿಹ್ನೆ ಬಿಟ್ಟು ಆ ಸಂಖ್ಯೆಯ ಐಪಿ ಪ್ರೋಟೋಕಾಲ್ ಎಂದು ಭಾವಿಸಿ ಕರ್ನಲ್ ಅದನ್ನು ಮತ್ತೆ ಸಂಸ್ಕರಿಸುತ್ತದೆ. ಐಪಿ ಪ್ಯಾಕೆಟ್‌ಗಳನ್ನು ಗೂಢಲಿಪೀಕರಿಸುವ ಐಪಿಸೆಕ್‌ನಲ್ಲಿ 4500ನೇ ಪೋರ್ಟ್ ಒಂದರಲ್ಲೇ ಗೂಢಲಿಪೀಕರಿಸಿದ ದತ್ತಾಂಶವೂ ಕೀಲಿ ವಿನಿಮಯದ ಸಂದೇಶಗಳೂ ಬರಲು ಸಾಧ್ಯವಾಗಿರುವುದು ಈ ಏರ್ಪಾಟಿನಿಂದಲೇ: ಮೊದಲ 4 ಬೈಟ್‌ಗಳು ಸೊನ್ನೆಯಾಗಿದ್ದರೆ ಪ್ಯಾಕೆಟ್ ಯೂಸರ್‌ಸ್ಪೇಸ್‌ನ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್‌ಗೆ) ಹೋಗುತ್ತದೆ, ಇಲ್ಲದಿದ್ದರೆ ಕರ್ನಲ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ಇಷ್ಟು ಚೊಕ್ಕವಾದ ಏರ್ಪಾಟನ್ನು ನಾನು ಕರ್ನಲ್‌ನ ಬೇರೆ ಕಡೆ ಹೆಚ್ಚು ಕಂಡಿಲ್ಲ.

ಎನ್‌ಕ್ಯಾಪ್_ಆರ್‌ಸಿವಿ ನಡೆಯುವುದು ಸಾಫ್ಟ್‌ಐಆರ್‌ಕ್ಯೂ ಸಂದರ್ಭದಲ್ಲಿ, ಅಂದರೆ ಕರ್ನಲ್ ಇಂಟರಪ್ಟ್‌ಗಳ ಉಳಿದ ಕೆಲಸವನ್ನು ಮುಗಿಸುವ ಹಂತದಲ್ಲಿ; ಅಲ್ಲಿ ನಿದ್ರಿಸುವಂತಿಲ್ಲ, ಮ್ಯೂಟೆಕ್ಸ್ (ಕಾಯಿಸಬಲ್ಲ ಬೀಗ) ಹಿಡಿಯುವಂತಿಲ್ಲ. ಅದಕ್ಕಿಂತ ಸೂಕ್ಷ್ಮವಾದದ್ದು ಹೆಡರ್ ಓದುವ ಕ್ರಮ. ಪ್ಯಾಕೆಟ್‌ನ ಬೈಟ್‌ಗಳು ಎಸ್‌ಕೆಬಿಯ (ಕರ್ನಲ್ ಪ್ಯಾಕೆಟ್ ಇಟ್ಟುಕೊಳ್ಳುವ ರಚನೆಯ) ಒಂದೇ ಸಾಲಿನಲ್ಲಿ ಇರುತ್ತವೆಂಬ ಖಾತ್ರಿ ಇಲ್ಲ. ಪಿಎಸ್‌ಕೆಬಿ_ಮೇ_ಪುಲ್ ಕರೆದು, ಬೇಕಾದಷ್ಟು ಬೈಟ್‌ಗಳನ್ನು ಮುಂದಕ್ಕೆ ತರಿಸಿಕೊಂಡ ಮೇಲೆಯೇ ಓದಬೇಕು. ಈ ಕರೆಯಿಂದ ಬಫರ್ ಬೇರೆ ವಿಳಾಸಕ್ಕೆ ಹೋಗಬಹುದಾದ್ದರಿಂದ, ಮೊದಲೇ ಹಿಡಿದಿಟ್ಟ ಪಾಯಿಂಟರ್‌ಗಳನ್ನು ಮತ್ತೆ ಲೆಕ್ಕ ಹಾಕಲೇಬೇಕು.

ಹೊರಹೋಗುವ ದಾರಿಯಲ್ಲಿ, ನಮ್ಮ ಟನೆಲ್ ಸಾಧನಕ್ಕೆ ಬಂದ ಪ್ಯಾಕೆಟ್‌ನ ಮುಂದೆ ಎಸ್‌ಕೆಬಿ_ಕೌ_ಹೆಡ್ ಮೂಲಕ ಜಾಗ ಮಾಡಿಕೊಂಡು, ಹೆಡರ್ ಸೇರಿಸಿ, ಯುಡಿಪಿ_ಟನೆಲ್_ಎಕ್ಸ್‌ಮಿಟ್_ಎಸ್‌ಕೆಬಿಗೆ ಒಪ್ಪಿಸಿದೆ. ಅದಕ್ಕೂ ಮೊದಲು ಆ ಬದಿಯ ವಿಳಾಸಕ್ಕೆ ಸಿಕ್ಕ ಮಾರ್ಗವು ನಮ್ಮ ಸಾಧನದ ಮೂಲಕವೇ ಹೋಗುತ್ತಿದೆಯೇ ಎಂದು ನೋಡಿ, ಹಾಗಿದ್ದರೆ ಪ್ಯಾಕೆಟ್ ಅನ್ನು ಬೀಳಿಸುವ ತಪಾಸಣೆ ಬರೆದೆ. ಇದಿಲ್ಲದಿದ್ದರೆ ಡೀಫಾಲ್ಟ್ ಮಾರ್ಗವನ್ನು ಟನೆಲ್‌ಗೆ ತಿರುಗಿಸಿದ ತಕ್ಷಣ ಹೊರಗಿನ ಪ್ಯಾಕೆಟ್ ಕೂಡ ಟನೆಲ್‌ನೊಳಗೇ ಬಂದು ಸುತ್ತುತ್ತದೆ.

ಪರೀಕ್ಷೆಗೆ ಎರಡು ನೆಟ್‌ವರ್ಕ್ ನೇಮ್‌ಸ್ಪೇಸ್‌ಗಳೂ (ಒಂದೇ ಯಂತ್ರದೊಳಗಿನ ಪ್ರತ್ಯೇಕ ಜಾಲಗಳು) ಅವುಗಳ ನಡುವೆ ಒಂದು ವೀತ್ ಜೋಡಿಯೂ (ಕಾಲ್ಪನಿಕ ಕೇಬಲ್) ಸಾಕಾಯಿತು. ಹೊರಗಿನ ಐಪಿ ಹೆಡರ್‌ಗೆ 20, ಯುಡಿಪಿಗೆ 8, ನನ್ನ ಹೆಡರ್‌ಗೆ 8, ಒಟ್ಟು 36 ಬೈಟ್ ಹೋಗುವುದರಿಂದ ಸಾಧನದ ಎಂಟಿಯುವನ್ನು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು, ಈಥರ್ನೆಟ್‌ನ ಸಾಮಾನ್ಯ 1500ರಿಂದ ಇಳಿಸಿ 1464ಕ್ಕೆ ಇಟ್ಟೆ. ವಿಭಜನೆಯನ್ನು ನಿಷೇಧಿಸಿ 1436 ಬೈಟ್‌ಗಳ ಪಿಂಗ್ (ಐಪಿ, ಐಸಿಎಂಪಿ ಹೆಡರ್‌ಗಳ 28 ಬೈಟ್ ಸೇರಿ 1464) ಕಳುಹಿಸಿದರೆ ಉತ್ತರ ಬಂತು. 1437ಕ್ಕೆ ಸಂದೇಶ ತೀರಾ ಉದ್ದವಾಯಿತೆಂಬ ತಕರಾರು ಅಲ್ಲೇ ಬಂತು. ಈ ಗಡಿ ಸರಿಯಾಗಿ ಕಾಣಿಸುವ ತನಕ ಮುಂದಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಟಿಯು ತಪ್ಪಿದ ಟನೆಲ್‌ನಲ್ಲಿ ಎಸ್‌ಎಸ್‌ಎಚ್ ಲಾಗಿನ್ ಆಗುತ್ತದೆ, ಚಿಕ್ಕ ಆದೇಶಗಳು ನಡೆಯುತ್ತವೆ, ಆದರೆ ದೊಡ್ಡ ಫೈಲ್ ನಕಲು ಮಾಡುವಾಗ ಎಲ್ಲವೂ ಮೌನವಾಗಿ ನಿಂತುಬಿಡುತ್ತದೆ.

ನಿಜವಾದ ಯಂತ್ರಗಳ ಮೇಲೆ ಹಾಕಿದಾಗ ಗಮನಿಸಬೇಕಾದದ್ದು ಮೂಲ ಪೋರ್ಟ್. ಎಲ್ಲ ಪ್ಯಾಕೆಟ್‌ಗಳೂ ಒಂದೇ ಮೂಲ ಪೋರ್ಟಿನಿಂದ ಹೊರಟರೆ, ಸ್ವೀಕರಿಸುವ ನೆಟ್‌ವರ್ಕ್ ಕಾರ್ಡ್ ಅವೆಲ್ಲವನ್ನೂ ಒಂದೇ ಸರತಿಗೆ, ಅಂದರೆ ಒಂದೇ ಸಿಪಿಯುಗೆ ಕಳುಹಿಸುತ್ತದೆ. ಯುಡಿಪಿ_ಫ್ಲೋ_ಎಸ್‌ಆರ್‌ಸಿ_ಪೋರ್ಟ್ ಒಳಗಿನ ಸಂಪರ್ಕದ ಹ್ಯಾಶ್‌ನಿಂದ ಪೋರ್ಟನ್ನು ಆರಿಸಿ ಹೊರೆಯನ್ನು ಹಂಚುತ್ತದೆ. ಆದರೆ ಎಷ್ಟೋ ಕಾರ್ಡ್‌ಗಳು ಯುಡಿಪಿಗೆ ಐಪಿ ವಿಳಾಸಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಕಾರ್ಡಿನ ಸಂಯೋಜನೆ ಬದಲಿಸುವ ಈಥ್‌ಟೂಲ್‌ನಲ್ಲಿ ಪೋರ್ಟುಗಳನ್ನೂ ಸೇರಿಸಿದ ಮೇಲೆಯೇ ಹೊರೆ ಹಂಚಿಕೆಯಾದದ್ದು ಕಂಡಿತು. ನಡುವೆ ನ್ಯಾಟ್ (ವಿಳಾಸ, ಪೋರ್ಟುಗಳನ್ನು ಬದಲಿಸುವ ವ್ಯವಸ್ಥೆ) ಇದ್ದರೆ ಮಾತ್ರ ಈ ತಂತ್ರವನ್ನು ಬಿಟ್ಟು, ಪೋರ್ಟನ್ನು ಸ್ಥಿರವಾಗಿಡಬೇಕು.

ಮಾಡ್ಯೂಲ್ ಕಳಚುವಾಗ ಸಾಕೆಟ್‌ಗೆ ಅಂಟಿಸಿದ ನಮ್ಮ ಪಾಯಿಂಟರ್ ಅನ್ನು ಮೊದಲು ತೆಗೆದು, ಸಾಕೆಟ್ ಮುಚ್ಚಿ, ಆರ್‌ಸಿಯು ಅವಧಿ (ಹಳೆಯ ಪಾಯಿಂಟರ್ ಓದುತ್ತಿರುವವರೆಲ್ಲ ಮುಗಿಸಲು ಬೇಕಾದ ಸಮಯ) ಮುಗಿಯುವವರೆಗೆ ಕಾದು, ಕೊನೆಗೆ ಮೆಮೊರಿ ಬಿಡುಗಡೆ ಮಾಡಬೇಕು. ಬೇರೆ ಸಿಪಿಯುನಲ್ಲಿ ಎನ್‌ಕ್ಯಾಪ್_ಆರ್‌ಸಿವಿ ಇನ್ನೂ ಓಡುತ್ತಿರಬಹುದು. ನನ್ನ ಮಾಡ್ಯೂಲ್‌ನಲ್ಲಿ ಗೂಢಲಿಪೀಕರಣ ಇಲ್ಲ. ಪ್ಯಾಕೆಟ್‌ಗಳು ಸಾರ್ವಜನಿಕ ಅಂತರ್ಜಾಲವನ್ನು ದಾಟುವುದಿದ್ದರೆ ನಾನು ಇದನ್ನು ಬಳಸುವುದಿಲ್ಲ, ಅಲ್ಲಿಗೆ ವೈರ್‌ಗಾರ್ಡ್ ಅನ್ನೇ ಹಾಕುತ್ತೇನೆ.